ಕೋಷ್ಟಕದ ಅಂಕಣ ಮತ್ತು ಊರಿನ ಮಾತು: ಸಾಮಾಜಿಕ ಸಂಶೋಧನೆಯ ಮಾಹಿತಿ ವಿಶ್ಲೇಷಣೆಯನ್ನು ಕುರಿತು

ಸಾಮಾಜಿಕ ಸಂಶೋಧನೆಯ ಕೈಪಿಡಿಗಳು ಸಂಶೋಧನೆಯ ಹಂತಗಳನ್ನು ಒಂದು ನಿಶ್ಚಿತ ಕ್ರಮದಲ್ಲಿ ವಿವರಿಸುತ್ತವೆ. ಸಮಸ್ಯೆಯ ಆಯ್ಕೆ, ಪ್ರಾಕ್ಕಲ್ಪನೆ, ಮಾದರಿಯ ಆಯ್ಕೆ, ಮಾಹಿತಿ ಸಂಗ್ರಹ, ವಿಶ್ಲೇಷಣೆ, ವರದಿ ಎಂಬುದು ಆ ಕ್ರಮ. ಕನ್ನಡದಲ್ಲಿ ಬಂದಿರುವ ಜಾನಪದ ಮತ್ತು ಗ್ರಾಮ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಅನುಸರಿಸಿವೆ. ಕ್ಷೇತ್ರಕ್ಕೆ ಹೋಗಿ ಸಂಗ್ರಹಿಸಿ ತರುವುದು ಒಂದು ಕೆಲಸ, ತಂದದ್ದನ್ನು ಮೇಜಿನ ಮೇಲೆ ಹರಡಿಕೊಂಡು ವಿಶ್ಲೇಷಿಸುವುದು ಇನ್ನೊಂದು ಕೆಲಸ ಎಂಬ ತಿಳುವಳಿಕೆ ಇದರ ಹಿಂದಿದೆ. ಮಾಹಿತಿಯು ಕಚ್ಚಾ ಪದಾರ್ಥ, ವಿಶ್ಲೇಷಣೆಯ ಸಾಧನಗಳು ಅದನ್ನು ಪಕ್ವಗೊಳಿಸುವ ಯಂತ್ರಗಳು ಎಂದು ಭಾವಿಸಲಾಗಿದೆ. ಈ ಭಾವನೆಯನ್ನು ಮರುಪರಿಶೀಲಿಸುವ ಅಗತ್ಯವಿದೆ. ಪ್ರಶ್ನಾವಳಿಯ ಅಂಕಣಗಳನ್ನು ಗೆರೆ ಎಳೆದು ಸಿದ್ಧಪಡಿಸಿದ ಗಳಿಗೆಯಲ್ಲಿಯೇ ವಿಶ್ಲೇಷಣೆಯ ಬಹುಭಾಗ ಮುಗಿದುಹೋಗಿರುತ್ತದೆ. ಯಾರು ಲೆಕ್ಕಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಅಲ್ಲಿಯೇ ತೀರ್ಮಾನವಾಗಿರುತ್ತದೆ. ಅನಂತರ ಬಳಸುವ ಸಂಖ್ಯಾಶಾಸ್ತ್ರವಾಗಲಿ ಗಣಕಯಂತ್ರವಾಗಲಿ ಆ ತೀರ್ಮಾನವನ್ನು ಅಚ್ಚುಕಟ್ಟುಗೊಳಿಸಬಹುದೇ ಹೊರತು ಬದಲಾಯಿಸಲಾರದು.

ಅಮೂರ್ತ ಚರ್ಚೆಗಿಂತ ಒಂದು ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ಸೂಕ್ತ. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಅಂಥ ಒಂದು ನೆಲೆ. 2007ರವರೆಗೆ ಕೋಲಾರ ಜಿಲ್ಲೆಗೂ ಅನಂತರ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿದ ಈ ಸೀಮೆ ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಕೊಳವೆಬಾವಿಗಳನ್ನು ನೆಚ್ಚಿದ ಬಯಲು. ಹಿಪ್ಪುನೇರಳೆ ಮತ್ತು ರೇಷ್ಮೆಹುಳು ಇಲ್ಲಿನ ಬದುಕಿನ ಆಧಾರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ಪ್ರಮುಖ ಮಾರುಕಟ್ಟೆಗಳಲ್ಲಿ ಒಂದು. ಕನ್ನಡ ಮತ್ತು ತೆಲುಗು ಇಲ್ಲಿ ಒಂದೇ ಬೀದಿಯಲ್ಲಿ, ಹಲವೊಮ್ಮೆ ಒಂದೇ ಮನೆಯಲ್ಲಿ ಬಾಳುತ್ತವೆ. ಇಂಥ ಊರಿನ ಮನೆಯೊಂದರ ಬಾಗಿಲಲ್ಲಿ ಸಮೀಕ್ಷಕನು ನಿಂತು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ ಎಂದಿಟ್ಟುಕೊಳ್ಳಬಹುದು. ನಿಮ್ಮ ಮಾತೃಭಾಷೆ ಯಾವುದು? ನಿಮ್ಮ ಉದ್ಯೋಗವೇನು? ನಿಮ್ಮ ಜಾತಿ ಯಾವುದು? ಸರಳವೆಂದು ತೋರುವ ಈ ಮೂರೂ ಪ್ರಶ್ನೆಗಳು ವಿಶ್ಲೇಷಣೆಯ ಮೂರು ಸಾಧನಗಳೇ ಆಗಿವೆ.

ಮೊದಲ ಅಂಕಣ: ಭಾಷೆ

ಜನಗಣತಿಯು ಮಾತೃಭಾಷೆಯನ್ನು, ಬಾಲ್ಯದಲ್ಲಿ ತಾಯಿಯು ವ್ಯಕ್ತಿಯೊಂದಿಗೆ ಆಡಿದ ಭಾಷೆ ಎಂದು ನಿರ್ವಚಿಸುತ್ತದೆ. ಆ ಅಂಕಣದಲ್ಲಿ ಒಂದೇ ಭಾಷೆಯನ್ನು ದಾಖಲಿಸಲು ಅವಕಾಶ. ಬಲ್ಲ ಇತರ ಭಾಷೆಗಳಿಗೆ ಬೇರೆ ಅಂಕಣವಿದೆ. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12,55,104. ಇವರಲ್ಲಿ ತೆಲುಗನ್ನು ಮಾತೃಭಾಷೆಯೆಂದು ಹೇಳಿದವರ ಪ್ರಮಾಣ ಕನ್ನಡವನ್ನು ಹೇಳಿದವರಿಗಿಂತ ಹೆಚ್ಚು. ಈ ಅಂಕಿಯನ್ನು ಹಿಡಿದು ಈ ಜಿಲ್ಲೆಯನ್ನು ತೆಲುಗು ಸೀಮೆ ಎನ್ನುವವರಿದ್ದಾರೆ. ಕನ್ನಡದ ಅಳಿವಿನ ಸೂಚನೆ ಎಂದು ಕಳವಳಪಡುವವರೂ ಇದ್ದಾರೆ. ಎರಡೂ ತೀರ್ಮಾನಗಳು ಅಂಕಿಯನ್ನು ಓದಿವೆ, ಅಂಕಣವನ್ನು ಓದಿಲ್ಲ.

ತೆಲುಗು ಮನೆಮಾತಿನ ಕುಟುಂಬದ ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ. ವ್ಯವಹಾರದ ಮಾತು ಎದುರಿಗಿರುವವರನ್ನು ನೋಡಿಕೊಂಡು ಬದಲಾಗುತ್ತದೆ. ಒಂದೇ ಮದುವೆಮನೆಯಲ್ಲಿ ಕನ್ನಡದ ಸೋಬಾನೆಯೂ ತೆಲುಗಿನ ಹಾಡೂ ಕೇಳಿಬರುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ತತ್ವಪದಗಳನ್ನು ರಚಿಸಿದವರು. ಅವರ ಪದಗಳನ್ನು ಹಾಡುವ ಭಜನಾಮಂಡಳಿಗೆ ಇದು ಯಾವ ಭಾಷೆಯ ಸಂಪ್ರದಾಯ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟುವುದು ಸಂಗ್ರಾಹಕನಿಗೆ. ಅವನು ಕನ್ನಡ ಜಾನಪದದ ಸಂಕಲನಕ್ಕೆ ಹಾಡುಗಳನ್ನು ಅರಸಿ ಬಂದವನಾದರೆ ತೆಲುಗು ಹಾಡುಗಳನ್ನು ಬಿಡುತ್ತಾನೆ. ಮಿಶ್ರ ನುಡಿಯ ಹಾಡು ಸಿಕ್ಕಿದರೆ ಅದನ್ನು ಕೆಟ್ಟ ಪಾಠವೆಂದು ಬದಿಗಿಡುತ್ತಾನೆ. ಗಡಿಯಾಚೆಯಿಂದ ಬಂದ ತೆಲುಗು ಸಂಗ್ರಾಹಕನೂ ತನ್ನ ಕಡೆಯಿಂದ ಇದನ್ನೇ ಮಾಡುತ್ತಾನೆ. ಹೀಗೆ ಎರಡು ಭಾಷೆಗಳ ಸಂಕಲನಗಳ ನಡುವೆ ಒಂದು ಸೀಮೆಯ ನಿಜವಾದ ಹಾಡು ಎಲ್ಲಿಯೂ ದಾಖಲಾಗದೆ ಉಳಿಯುತ್ತದೆ. ಸಂಗ್ರಹವಾದ ಮೇಲೆ ಎಷ್ಟೇ ಸೂಕ್ಷ್ಮವಾಗಿ ವಿಶ್ಲೇಷಿಸಿದರೂ ಸಂಗ್ರಹವೇ ಆಗದ ಹಾಡನ್ನು ವಿಶ್ಲೇಷಿಸಲು ಬರುವುದಿಲ್ಲ.

ಎರಡನೆಯ ಅಂಕಣ: ದುಡಿಮೆ

ಪ್ರಶ್ನೆಯ ರೂಪ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಭಾರತದ ಜನಗಣತಿಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1961ರ ಗಣತಿಯಲ್ಲಿ ದುಡಿಮೆಯ ಹಂಗಾಮಿನ ಬಹುಕಾಲ ದಿನಕ್ಕೆ ಒಂದು ಗಂಟೆಗೂ ಮೀರಿ ಕ್ರಮವಾಗಿ ದುಡಿಯುವವರನ್ನು ದುಡಿಮೆಗಾರರೆಂದು ಪರಿಗಣಿಸಲಾಯಿತು. ಆಗ ದೇಶದ ಮಹಿಳೆಯರಲ್ಲಿ ದುಡಿಮೆಗಾರರ ಪ್ರಮಾಣ ಶೇ. 28ರ ಸಮೀಪದಲ್ಲಿತ್ತು. 1971ರಲ್ಲಿ ಮೊದಲು ಮುಖ್ಯ ಚಟುವಟಿಕೆ ಯಾವುದೆಂದು ಕೇಳಲಾಯಿತು. ಮನೆಗೆಲಸ ಎಂದು ಹೇಳಿದ ಹೆಂಗಸು ಹೊಲದಲ್ಲಿ ಎಷ್ಟೇ ದುಡಿದಿದ್ದರೂ ದುಡಿಮೆಗಾರರ ಸಾಲಿನಿಂದ ಹೊರಬಿದ್ದಳು. ಪ್ರಮಾಣವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ಹತ್ತು ವರ್ಷಗಳಲ್ಲಿ ದೇಶದ ಅರ್ಧದಷ್ಟು ದುಡಿಯುವ ಹೆಂಗಸರು ಕೈಕಟ್ಟಿ ಕೂತಿರಲಿಲ್ಲ. ಬದಲಾದದ್ದು ಪ್ರಶ್ನೆ. 1981ರಲ್ಲಿ ಮುಖ್ಯ ಮತ್ತು ಅಲ್ಪಾವಧಿ ದುಡಿಮೆಗಾರರು ಎಂಬ ವಿಂಗಡಣೆ ಬಂದು ಈ ದೋಷ ಸ್ವಲ್ಪಮಟ್ಟಿಗೆ ಸರಿಹೋಯಿತಾದರೂ ಮೂಲ ತೊಡಕು ಹಾಗೆಯೇ ಉಳಿದಿದೆ.

ಮೇಲೂರು ಸೀಮೆಯ ಹುಳುಮನೆಯಲ್ಲಿ ಈ ತೊಡಕು ಕಣ್ಣಿಗೆ ಕಟ್ಟುತ್ತದೆ. ರೇಷ್ಮೆಹುಳುವಿನ ಬೆಳೆ ಸುಮಾರು ನಾಲ್ಕು ವಾರಗಳದು. ಚಾಕಿಯಿಂದ ಮೊದಲುಗೊಂಡು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಯ ದಿನಚರಿ ಹುಳುವಿನ ಹಸಿವನ್ನು ಅನುಸರಿಸುತ್ತದೆ. ಸೊಪ್ಪು ಹಾಕುವುದು, ಕಸ ತೆಗೆಯುವುದು, ಶಾಖ ಮತ್ತು ತೇವ ನೋಡಿಕೊಳ್ಳುವುದು, ಸತ್ತ ಹುಳುವನ್ನು ಆರಿಸುವುದು ಇವುಗಳಲ್ಲಿ ಬಹುಪಾಲು ಹೆಂಗಸರ ಕೈಯಿಂದ ನಡೆಯುತ್ತದೆ. ಆದರೆ ಗೂಡನ್ನು ಮಾರುಕಟ್ಟೆಗೆ ಒಯ್ದು ಹರಾಜಿನಲ್ಲಿ ನಿಲ್ಲುವವನು ಸಾಮಾನ್ಯವಾಗಿ ಗಂಡಸು. ಪ್ರಶ್ನಾವಳಿಗೆ ಉತ್ತರ ಹೇಳುವವನೂ ಅವನೇ. ಮನೆಯಾಕೆಯ ಉದ್ಯೋಗವೇನೆಂದರೆ ‘ಮನೇಲಿರ್ತಾಳೆ’ ಎಂಬ ಉತ್ತರ ಬರುತ್ತದೆ. ಹುಳುಮನೆಯೂ ಮನೆಯೇ ಆದ್ದರಿಂದ ಆ ಉತ್ತರ ಸುಳ್ಳಲ್ಲ. ಮನೆಯನ್ನೂ ದುಡಿಮೆಯನ್ನೂ ಎರಡು ಬೇರೆ ಅಂಕಣಗಳೆಂದು ಕಲ್ಪಿಸಿದ ಪ್ರಶ್ನಾವಳಿಯಲ್ಲಿಯೇ ದೋಷವಿದೆ.

ಇಲ್ಲಿ ಜಾನಪದ ವಿದ್ವಾಂಸನ ಕಿವಿಗೆ ಬೀಳುವ ಇನ್ನೊಂದು ಮಾಹಿತಿಯಿದೆ. ಹುಳು ಪೊರೆ ಬಿಡುವ ಹಂತವನ್ನು ರೈತ ಕುಟುಂಬಗಳು ‘ಜ್ವರ’ ಎನ್ನುತ್ತವೆ. ಹುಳು ಜ್ವರಕ್ಕೆ ಕೂತಿದೆ, ಜ್ವರ ಬಿಟ್ಟಿದೆ, ಹಣ್ಣಾಗಿದೆ ಎಂಬ ಮಾತುಗಳು ದಿನನಿತ್ಯದವು. ಸಮೀಕ್ಷೆಯ ಭಾಷೆ ಇದನ್ನು ಪೊರೆ ಕಳಚುವಿಕೆ ಎಂದು ಪರಿವರ್ತಿಸಿ ಬರೆದುಕೊಳ್ಳುತ್ತದೆ. ಪರಿವರ್ತನೆ ತಪ್ಪಲ್ಲ, ಆದರೆ ನಷ್ಟವಾಗುವುದು ಅರ್ಥವಲ್ಲ, ಸಂಬಂಧ. ಕಾಯಿಲೆಯ ಮಗುವನ್ನು ನೋಡಿಕೊಳ್ಳುವವಳ ಮಾತು ಹುಳುವಿಗೂ ಸಲ್ಲುತ್ತಿದೆ. ಈ ದುಡಿಮೆಯನ್ನು ಮಾಡುವವರು ಅದನ್ನು ದುಡಿಮೆಯೆಂದು ಹೆಸರಿಸದೆ ಆರೈಕೆಯೆಂದು ಏಕೆ ಕಾಣುತ್ತಾರೆ, ಆ ಕಾಣ್ಕೆಯೇ ಅವರ ದುಡಿಮೆ ಲೆಕ್ಕಕ್ಕೆ ಬಾರದಿರಲು ಹೇಗೆ ಕಾರಣವಾಗುತ್ತದೆ ಎಂಬ ವಿಚಾರವನ್ನು ತೆರೆಯಬಲ್ಲ ಬೀಗದಕೈ ಆ ಒಂದು ಪದದಲ್ಲಿದೆ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಪ್ರತಿಪಾದಿಸಿದ ವಿಧಾನವು ಸಿದ್ಧಾಂತವನ್ನು ಹೊರಗಿನಿಂದ ತರದೆ ಮಾಹಿತಿಯಿಂದಲೇ ಎತ್ತಿಕೊಳ್ಳಬೇಕೆಂದು ಹೇಳಿತು. ಆ ಪರಂಪರೆಯಲ್ಲಿ ವಕ್ತೃವಿನ ಸ್ವಂತ ಪದವನ್ನೇ ಸಂಕೇತವಾಗಿ ಉಳಿಸಿಕೊಳ್ಳುವ ಕ್ರಮ ಬೆಳೆಯಿತು. ಪದದ ಬೆಲೆಯನ್ನು ಅರಿತ ಕನ್ನಡ ಜಾನಪದ ಸಂಶೋಧನೆಗೆ ಇದು ಹೊಸ ಮಾತಾಗಬೇಕಿರಲಿಲ್ಲ.

ಮೂರನೆಯ ಅಂಕಣ: ಜಾತಿ

ಅಂಕಣವೊಂದರ ಆಯುಷ್ಯ ಎಷ್ಟು ದೀರ್ಘವಾಗಬಹುದು ಎಂಬುದನ್ನು ಕರ್ನಾಟಕದ ಪರಿಶಿಷ್ಟ ಜಾತಿಗಳ ಗಣತಿ ತೋರಿಸುತ್ತದೆ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ಪ್ರಕಟವಾದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಲ್ಲಿ ಹೊಲೆಯ ಮತ್ತು ಮಾದಿಗ ಸಮುದಾಯಗಳ ಕಥನ, ಕುಲ, ಆಚರಣೆಗಳು ಪ್ರತ್ಯೇಕವಾಗಿ ದಾಖಲಾಗಿವೆ. ಅದೇ ಕಾಲಕ್ಕೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ನೆಲೆಗೊಳ್ಳುತ್ತಿದ್ದವು. ಅವಮಾನದ ಹೆಸರುಗಳನ್ನು ಕಳಚಿ ಈ ನೆಲದ ಆದಿಜನರೆಂಬ ಘನತೆಯನ್ನು ಪಡೆಯುವ ಹಂಬಲ ಅದರಲ್ಲಿತ್ತು. ಆ ಹೆಸರುಗಳನ್ನು ಕೇವಲ ಆಡಳಿತದ ತಪ್ಪು ವರ್ಗೀಕರಣವೆಂದು ತಳ್ಳಿಹಾಕುವುದು ಆ ಹಂಬಲಕ್ಕೆ ಅಪಚಾರವಾಗುತ್ತದೆ.

ಆದರೆ ಗೌರವಕ್ಕಾಗಿ ಬಂದ ಹೆಸರು ಕೋಷ್ಟಕದ ಅಂಕಣವಾದಾಗ ಭಿನ್ನ ಸಮುದಾಯಗಳು ಒಂದೇ ಮೊತ್ತದಲ್ಲಿ ಕರಗಿದವು. ಯಾರಿಗೆ ಎಷ್ಟು ಶಿಕ್ಷಣ, ಎಷ್ಟು ಉದ್ಯೋಗ ದೊರಕಿದೆ ಎಂಬ ಪ್ರಶ್ನೆ ಎದ್ದಾಗ ಆ ಮೊತ್ತವನ್ನು ಬಿಡಿಸಲು ಆಗಲಿಲ್ಲ. ಒಳಮೀಸಲಾತಿಯ ವಿಚಾರಕ್ಕಾಗಿ 2005ರಲ್ಲಿ ನೇಮಕವಾದ ನ್ಯಾಯಮೂರ್ತಿ ಎ. ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸರ್ವೋಚ್ಚ ನ್ಯಾಯಾಲಯವು ಒಳವರ್ಗೀಕರಣಕ್ಕೆ ರಾಜ್ಯಗಳಿಗೆ ಅಧಿಕಾರವಿದೆಯೆಂದು ತೀರ್ಪಿತ್ತಿತು. ಆ ನಂತರ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನ್ ದಾಸ್ ಆಯೋಗವು 2025ರ ಮೇ ತಿಂಗಳಿನಲ್ಲಿ ಮನೆಮನೆ ಸಮೀಕ್ಷೆ ಆರಂಭಿಸಿ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಆಗಲೂ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಹೇಳಿ ಉಪಜಾತಿಯನ್ನು ಹೇಳದವರಿಗಾಗಿ ಆಯೋಗವು ಪ್ರತ್ಯೇಕ ಗುಂಪೊಂದನ್ನು ಸೂಚಿಸಬೇಕಾಯಿತು. ನೂರು ವರ್ಷಗಳ ಹಿಂದಿನ ಒಂದು ವರ್ಗೀಕರಣವು ಇಂದಿನ ಸಮೀಕ್ಷಕನ ಮುಂದೆಯೂ ಉತ್ತರವಾಗಿ ನಿಂತಿತು. ಕನ್ನಡ, ತೆಲುಗು, ತಮಿಳು ನೆಲೆಗಳು ಕೂಡುವ ಹಳೆಯ ಕೋಲಾರ ಜಿಲ್ಲೆಯಂಥ ಸೀಮೆಯಲ್ಲಿ ಈ ಹೆಸರುಗಳ ಗೋಜು ಇನ್ನೂ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಉಪಜಾತಿಯನ್ನು ಹೇಳದಿರುವುದು ತಿಳಿವಳಿಕೆಯ ಕೊರತೆಯೇ ಆಗಿರಬೇಕಿಲ್ಲ. ಬಾಡಿಗೆ ಮನೆಯ ಬಾಗಿಲಲ್ಲಿ, ನೆರೆಯವರ ಎದುರಿನಲ್ಲಿ ಕೇಳಿದ ಪ್ರಶ್ನೆಗೆ ಮೌನವೂ ಒಂದು ಉತ್ತರವೇ. ಸಂಖ್ಯಾಶಾಸ್ತ್ರದ ರೂಢಿಯಲ್ಲಿ ಅಂಥ ಮೌನಕ್ಕೆ ‘ಉತ್ತರವಿಲ್ಲ’ ಎಂಬ ಸಂಕೇತ ಕೊಟ್ಟು ಒಟ್ಟು ಲೆಕ್ಕದಿಂದ ಕೈಬಿಡುವುದುಂಟು. ಯಾರು, ಎಲ್ಲಿ, ಯಾರ ಎದುರು ಮೌನವಾದರು ಎಂಬುದನ್ನು ದಾಖಲಿಸಿದರೆ ಅದು ಆ ಸಮಾಜದ ಕುರಿತ ಅತ್ಯಂತ ಗಟ್ಟಿಯಾದ ಮಾಹಿತಿಯಾಗುತ್ತದೆ.

ಜಾನಪದದ ಸ್ವಂತ ಅಂಕಣಗಳು

ಗಣತಿಯ ದೋಷಗಳನ್ನು ಎತ್ತಿ ತೋರುವ ಜಾನಪದ ಅಧ್ಯಯನವು ತನ್ನ ಸಾಧನಗಳನ್ನೂ ಇದೇ ಒರೆಗಲ್ಲಿಗೆ ಉಜ್ಜಬೇಕು. ಆಂಟಿ ಆರ್ನೆ 1910ರಲ್ಲಿ ಸಿದ್ಧಪಡಿಸಿ, ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದ ಕಥಾವರ್ಗಗಳ ಸೂಚಿ ಹಾಗೂ ಥಾಮ್ಸನ್‌ರ ಆಶಯಸೂಚಿ ಜಗತ್ತಿನ ಕಥೆಗಳನ್ನು ಹೋಲಿಸಿ ನೋಡಲು ದೊರೆತ ಮಹತ್ವದ ಸಾಧನಗಳು. ಅವುಗಳ ಉಪಯುಕ್ತತೆ ನಿರ್ವಿವಾದ. ತೊಡಕು ಬರುವುದು ಸಂಖ್ಯೆ ಕೊಟ್ಟೊಡನೆ ವಿಶ್ಲೇಷಣೆ ಮುಗಿಯಿತೆಂದು ಭಾವಿಸಿದಾಗ. ಎ. ಕೆ. ರಾಮಾನುಜನ್ ಈಡಿಪಸ್ ಕಥೆಯ ಭಾರತೀಯ ರೂಪಗಳನ್ನು ಚರ್ಚಿಸುತ್ತ ಕನ್ನಡದ ಒಂದು ಕಥೆಯನ್ನು ಮುಂದಿಟ್ಟರು. ಅದರಲ್ಲಿ ತನ್ನ ಮಗನನ್ನೇ ಮದುವೆಯಾಗುವ ವಿಧಿಯನ್ನು ಹೊತ್ತವಳು ಒಬ್ಬ ಹೆಣ್ಣುಮಗಳು. ಸೂಚಿಯ ದೃಷ್ಟಿಯಲ್ಲಿ ಅದು ಈಡಿಪಸ್ ವರ್ಗದ ಕಥೆಯೇ. ಆದರೆ ಗ್ರೀಕ್ ಕಥೆ ಮಗನದು, ಕನ್ನಡದ ಕಥೆ ತಾಯಿಯದು. ಹೆಂಗಸರು ಹೇಳುವ ಕಥೆಯಲ್ಲಿ ನೋವಿನ ಕೇಂದ್ರವೇ ಸ್ಥಳಾಂತರಗೊಂಡಿದೆ. ಯಾರು ಹೇಳಿದರು ಎಂಬ ಒಂದು ಮಾಹಿತಿಯನ್ನು ಬಿಟ್ಟುಕೊಟ್ಟರೆ ಸೂಚಿಯ ಸಂಖ್ಯೆಯು ಎರಡು ಬೇರೆ ಲೋಕಗಳನ್ನು ಒಂದೇ ಎಂದು ತೋರಿಸುತ್ತದೆ.

ಪ್ರಾಪ್ ತನ್ನ 1928ರ ಅಧ್ಯಯನದಲ್ಲಿ ರಷ್ಯದ ಕಿನ್ನರಕಥೆಗಳಿಂದ ಎತ್ತಿದ 31 ಕ್ರಿಯೆಗಳ ಕುರಿತೂ ಇದೇ ಎಚ್ಚರಿಕೆ ಬೇಕು. ಕನ್ನಡದ ಕಥೆಯೊಂದರಲ್ಲಿ ಆ ಕ್ರಿಯೆಗಳನ್ನು ಗುರುತಿಸಿ ಪಟ್ಟಿ ಮಾಡುವುದು ಕನ್ನಡದ ಸಂಶೋಧನಾ ಪ್ರಬಂಧಗಳಲ್ಲಿ ಒಂದು ರೂಢಿಯಾಯಿತು. ಆ ಪಟ್ಟಿ ಪ್ರಾಪ್‌ನ ಸಿದ್ಧಾಂತ ಸರಿಯೆಂದು ತೋರಿಸಬಹುದು. ಆ ಕಥೆ ಆ ಊರಿಗೆ ಏಕೆ ಬೇಕಾಯಿತು ಎಂಬುದನ್ನು ಹೇಳುವುದಿಲ್ಲ.

ಕಲಾವಿದರ ಸಮೀಕ್ಷೆಗಳಿಗೂ ಈ ಮಾತು ಅನ್ವಯಿಸುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ದೊರಕಿತು. ಸಮೀಕ್ಷೆಯ ನಮೂನೆಯಲ್ಲಿ ತಮಟೆ ಚರ್ಮವಾದ್ಯಗಳ ಪಟ್ಟಿಯ ಒಂದು ಹೆಸರು. ಊರಿನಲ್ಲಿ ಅದು ಸಾವಿನ ಮುಂದೆ, ದೇವರ ಮುಂದೆ, ಡಂಗುರದ ಮುಂದೆ ಬಡಿದ ವಾದ್ಯ. ಬಡಿಯಲೇಬೇಕಾದ ಕಟ್ಟುಪಾಡಿನ ಗುರುತೂ ಹೌದು, ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಸ್ವಾಭಿಮಾನದ ದನಿಯೂ ಹೌದು. ಕಲೆ ಯಾವುದು ಎಂದು ಮಾತ್ರ ಕೇಳುವ ನಮೂನೆಗೆ ಈ ಚರಿತ್ರೆ ಸಿಗುವುದಿಲ್ಲ. ಯಾವಾಗ ಬಡಿಯಲು ಒಪ್ಪುತ್ತೀರಿ, ಯಾವಾಗ ಒಪ್ಪುವುದಿಲ್ಲ ಎಂದು ಕೇಳಿದರೆ ಸಿಗುತ್ತದೆ.

ದಾಖಲೆಯ ಸಾಂದ್ರತೆ

ಹಾಗಾದರೆ ಸಾಧನಗಳನ್ನು ತೊರೆದು ಅನುಭವವೊಂದನ್ನೇ ನಂಬಬೇಕೆ? ಎಂ. ಎನ್. ಶ್ರೀನಿವಾಸ್ ಅವರ ಪ್ರಸಂಗ ಈ ಪ್ರಶ್ನೆಗೆ ನೆರವಾಗುತ್ತದೆ. ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಅವರು 1948ರಲ್ಲಿಯೂ ಮತ್ತೆ 1952ರಲ್ಲಿಯೂ ಕ್ಷೇತ್ರಕಾರ್ಯ ನಡೆಸಿ, ಅದಕ್ಕೆ ರಾಂಪುರ ಎಂಬ ಹೆಸರಿಟ್ಟರು. ವರ್ಷಗಟ್ಟಲೆ ಶ್ರಮಿಸಿ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ನೆನಪನ್ನೇ ಆಧರಿಸಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು. ಅದು ಭಾರತೀಯ ಗ್ರಾಮ ಅಧ್ಯಯನದ ಶ್ರೇಷ್ಠ ಕೃತಿಗಳಲ್ಲೊಂದಾಯಿತು.

ಇದರಿಂದ ಟಿಪ್ಪಣಿಗಳು ಅನಗತ್ಯವೆಂದು ತೀರ್ಮಾನಿಸುವುದು ಅವಸರವಾದೀತು. ಆ ನೆನಪು ಬರಿಗೈಯ ನೆನಪಲ್ಲ. ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದಿ, ವಿಂಗಡಿಸಿ, ಹೋಲಿಸಿದ ಮನಸ್ಸಿನ ನೆನಪು. ಸಂಸ್ಕರಣದ ದೀರ್ಘ ಶ್ರಮವೇ ವಿಶ್ಲೇಷಣೆಯಾಗಿತ್ತು, ಕಾಗದ ಸುಟ್ಟರೂ ಅದು ಉಳಿಯಿತು. ಅದರ ಮಿತಿಯೂ ಅಷ್ಟೇ ಸ್ಪಷ್ಟ. ಊರಿನವರು ತಮ್ಮನ್ನು ಬ್ರಾಹ್ಮಣನಾಗಿಯೇ ಕಂಡು ಹಾಗೆಯೇ ನಡೆದುಕೊಳ್ಳಬೇಕೆಂದು ಬಯಸಿದರೆಂಬುದನ್ನು ಶ್ರೀನಿವಾಸ್ ಮರೆಮಾಚಲಿಲ್ಲ. ಹೋಗಲಾಗದ ಕೇರಿಯ, ಕೂರಲಾಗದ ಅಡುಗೆಮನೆಯ ಮಾಹಿತಿ ನೆನಪಿನಲ್ಲಿಯೂ ತೆಳುವಾಗಿಯೇ ಇರುತ್ತದೆ. ನೆನಪಿಗೂ ಅಂಕಣಗಳಿವೆ.

ಕರ್ನಾಟಕದ ನೆಲದಲ್ಲಿಯೇ ನಡೆದ ಇನ್ನೊಂದು ಪ್ರಯೋಗ ಬೇರೆ ದಾರಿಯನ್ನು ತೋರಿತು. ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಯೋಗದಲ್ಲಿ ತುಳುವಿನ ಸಿರಿ ಮಹಾಕಾವ್ಯವನ್ನು ಗಾಯಕ ಗೋಪಾಲ ನಾಯ್ಕರಿಂದ 1990ರ ಡಿಸೆಂಬರ್‌ನಲ್ಲಿ ಹಾಡಿಸಿ ಧ್ವನಿ ಮತ್ತು ದೃಶ್ಯ ಮುದ್ರಣ ಮಾಡಿದರು. 1998ರಲ್ಲಿ ಪ್ರಕಟವಾದ ಆ ಪಠ್ಯ 15,683 ಸಾಲುಗಳಷ್ಟಿದೆ. ಅದೇ ಗಾಯಕರಿಂದ ಅದಕ್ಕೂ ಮೊದಲು ಹೇಳಿಸಿ ಬರೆದುಕೊಂಡಿದ್ದ ಪಠ್ಯ ಇದಕ್ಕಿಂತ ಬಹಳ ಚಿಕ್ಕದು. ಗಾಯಕ ಒಬ್ಬನೇ, ಕಾವ್ಯ ಒಂದೇ, ದಾಖಲಿಸುವ ಸಾಧನ ಬದಲಾದಾಗ ಕಾವ್ಯದ ಗಾತ್ರವೇ ಬದಲಾಯಿತು. ಬರೆಯುವವನ ಕೈಯ ವೇಗಕ್ಕೆ ತಕ್ಕಂತೆ ಹಾಡು ತನ್ನನ್ನು ಕುಗ್ಗಿಸಿಕೊಂಡಿತ್ತು. ಒಂದೇ ಕಥನವನ್ನು ಬೇರೆ ಬೇರೆ ಸಂದರ್ಭಗಳಲ್ಲಿ, ಬೇರೆ ಬೇರೆ ಬಗೆಗಳಲ್ಲಿ ದಾಖಲಿಸಿ ಸಾಂದ್ರವಾದ ಸಂಗ್ರಹವನ್ನು ಕಟ್ಟಬೇಕೆಂಬ ಹೊಂಕೊ ಅವರ ನಿಲುವು ಹಾಡಿಗೆ ಮಾತ್ರವಲ್ಲ, ಮನೆವಾರ್ತೆಯ ಲೆಕ್ಕಕ್ಕೂ ಸಲ್ಲುವಂಥದು. ಗಂಡಸು ಕೊಟ್ಟ ಉತ್ತರ, ಅದೇ ಪ್ರಶ್ನೆಗೆ ಹೆಂಗಸು ಕೊಟ್ಟ ಉತ್ತರ, ಹುಳು ನಾಲ್ಕನೆಯ ಜ್ವರ ದಾಟಿದ ವಾರದಲ್ಲಿ ಕಂಡ ದಿನಚರಿ, ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ದುಡಿಮೆಯ ಅಂಕಣಕ್ಕೆ ಅರ್ಥ ಬರುತ್ತದೆ.

ಯಂತ್ರ ಮತ್ತು ಹೊಣೆ

1968ರಲ್ಲಿ ಬಂದ ಎಸ್‌ಪಿಎಸ್‌ಎಸ್ ಸಂಖ್ಯಾಮಾಹಿತಿಯ ವಿಶ್ಲೇಷಣೆಯನ್ನು ಸುಲಭಗೊಳಿಸಿತು. 1990ರ ದಶಕದಲ್ಲಿ ಬಂದ ಅಟ್ಲಾಸ್‌ಟಿಐ, ಎನ್‌ವಿವೋ ಮೊದಲಾದ ತಂತ್ರಾಂಶಗಳು ಸಂದರ್ಶನದ ಪಠ್ಯವನ್ನೂ ಸಂಕೇತಗಳ ಮೂಲಕ ಜೋಡಿಸಿ ಹುಡುಕುವ ಅನುಕೂಲ ಒದಗಿಸಿದವು. ಸಾವಿರಾರು ಪುಟಗಳ ಸಂಗ್ರಹದಲ್ಲಿ ‘ಜ್ವರ’ ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುವುದು ಸಣ್ಣ ಸಹಾಯವಲ್ಲ. ಆದರೆ ಆ ಪದ ಹುಳುವಿನದೋ ಮಗುವಿನದೋ ಎಂದು ನಿರ್ಣಯಿಸುವವನು ಸಂಶೋಧಕನೇ. ‘ಮನೇಲಿರ್ತಾಳೆ’ ಎಂದು ಬರೆದುಕೊಂಡ ಟಿಪ್ಪಣಿಗೆ ನಿರುದ್ಯೋಗಿ ಎಂಬ ಸಂಕೇತ ಕೊಟ್ಟರೆ ಯಂತ್ರವು ಆ ತಪ್ಪನ್ನು ಸುಂದರವಾದ ನಕ್ಷೆಯಾಗಿ ಚಿತ್ರಿಸಿ ಕೊಡುತ್ತದೆ. ಕೈಯಿಂದ ಎಣಿಸಿದ ತಪ್ಪಿನ ಬಗೆಗೆ ಓದುಗನಿಗೆ ಇರುವ ಅನುಮಾನ ಯಂತ್ರದ ನಕ್ಷೆಯ ಬಗೆಗೆ ಇರುವುದಿಲ್ಲ ಎಂಬುದೇ ಅಪಾಯ.

ಈ ಚರ್ಚೆಯಿಂದ ಕೆಲವು ಕಾರ್ಯಸಾಧ್ಯ ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಸಂಕೇತೀಕರಣವನ್ನು ಕ್ಷೇತ್ರಕಾರ್ಯಕ್ಕೆ ಮುಂಚೆಯೇ ಮುಗಿಸಬಾರದು. ಸೀಮೆಯ ಪದಗಳನ್ನು ಕೇಳಿದ ಬಳಿಕ ಅಂಕಣಗಳನ್ನು ತಿದ್ದಲು ಅವಕಾಶವಿರಬೇಕು. ಎರಡನೆಯದಾಗಿ, ವಕ್ತೃ ಯಾರು, ಎದುರಿಗೆ ಯಾರಿದ್ದರು, ಯಾವ ಹೊತ್ತು ಎಂಬ ವಿವರಗಳನ್ನು ಪ್ರಬಂಧದ ಕೊನೆಯ ಪಟ್ಟಿಗೆ ತಳ್ಳದೆ ವಿಶ್ಲೇಷಣೆಯ ಒಳಗೆ ತರಬೇಕು. ಮೂರನೆಯದಾಗಿ, ಮೂಲ ಟಿಪ್ಪಣಿ ಮತ್ತು ಧ್ವನಿಮುದ್ರಣಗಳನ್ನು ಕೋಷ್ಟಕದೊಂದಿಗೆ ಕಾಪಿಡಬೇಕು. ಇಂದಿನ ಅಂಕಣ ನಾಳೆ ಸಾಲದೆ ಬಂದಾಗ ಮರಳಿ ಹೋಗಲು ಒಂದು ನೆಲೆ ಬೇಕು. ನಾಲ್ಕನೆಯದಾಗಿ, ತೀರ್ಮಾನಗಳನ್ನು ಊರಿನವರ ಎದುರು ಓದಿ ಹೇಳುವ ಪದ್ಧತಿ ಬೆಳೆಯಬೇಕು. ಸಮೀಕ್ಷೆಯಲ್ಲಿ ಉದ್ಯೋಗವಿಲ್ಲದವಳೆಂದು ದಾಖಲಾದ ಮೇಲೂರಿನ ಮಹಿಳೆಗೆ ಆ ಸಾಲನ್ನು ಓದಿ ಹೇಳಿದರೆ ಅವಳು ಹುಳುಮನೆಯ ಕಡೆಗೆ ಕೈತೋರಿಸಬಹುದು. ಆ ಕೈ ತೋರಿದ ದಿಕ್ಕಿಗೆ ಹೋಗಿ ನೋಡಿ ಬಂದು ಸಾಲನ್ನು ತಿದ್ದಿದಾಗಲೇ ಮಾಹಿತಿಯ ವಿಶ್ಲೇಷಣೆ ನಿಜಕ್ಕೂ ಆರಂಭವಾಗುತ್ತದೆ.